ಪ್ಯಾರಿಸ್ ಒಪ್ಪಂದ: ಮಾತು ತಪ್ಪಿದರೆ ಕೇಸು ಹಾಕಬಹುದೇ?

ಚೆಕ್ ಬೌನ್ಸ್ ಆದರೆ ಕೇಸು ಹಾಕಬಹುದು, ಕಾಮರ್ಸ್‌ನವರಿಗೆ ಗೊತ್ತು. ಹವಾಮಾನದ ಬಗ್ಗೆ ದೇಶ ಕೊಟ್ಟ ಮಾತು ತಪ್ಪಿದರೆ?

ಭಾರತ 2016ರ ಅಕ್ಟೋಬರ್ 2ರಂದು ಪ್ಯಾರಿಸ್ ಒಪ್ಪಂದವನ್ನು ಅನುಮೋದಿಸಿತು. ಗುರಿ ಇಟ್ಟು ತಿಳಿಸುವುದು, ಅದಕ್ಕಾಗಿ ಕ್ರಮ ಕೈಗೊಳ್ಳುವುದು ಕಡ್ಡಾಯ; ಗುರಿ ಮುಟ್ಟದಿದ್ದರೆ ದಂಡವಿಲ್ಲ. ಹಾಗಾದರೆ, ನಮ್ಮ ಮನೆಯ ಉರ್ದುವಿನಲ್ಲಿ ಹೇಳುವಂತೆ, ಬರೀ ‘ವಾದಾ’ನಾ? ಅಲ್ಲ. ಶ್ರಮಿಸದ ದೇಶ ಹೊಣೆಯಾಗಬಹುದು ಎಂದು 2025ರ ಜುಲೈನಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಹೇಳಿತು (ಅದು ಸಲಹೆ, ತೀರ್ಪಲ್ಲ).

ನನಗೆ ಹೆಚ್ಚು ಮುಖ್ಯವೆನಿಸಿದ್ದು ನಮ್ಮ ಸುಪ್ರೀಂ ಕೋರ್ಟ್‌ನ ಮಾತು. ಹವಾಮಾನ ಬದಲಾವಣೆಯ ದುಷ್ಪರಿಣಾಮದಿಂದ ರಕ್ಷಣೆ ಸಂವಿಧಾನದ 14 ಮತ್ತು 21ನೇ ವಿಧಿಗಳಡಿ ಹಕ್ಕು ಎಂದು 2024ರಲ್ಲಿ ಅದು ಹೇಳಿತು. ವರ್ಷಪೂರ್ತಿ ಹರಿಯುವ ನದಿಯಿಲ್ಲದೆ ಬೋರ್‌ವೆಲ್ ನಂಬಿರುವ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದವರಿಗೂ ಈ ಹಕ್ಕಿದೆ. ಆದರೆ ಚೆಕ್‌ಗಿರುವ 138ನೇ ಸೆಕ್ಷನ್‌ನಂತೆ ಇದಕ್ಕೆಂದೇ ಒಂದು ಕಾಯ್ದೆಯನ್ನು ಸಂಸತ್ತು ಇನ್ನೂ ಮಾಡಿಲ್ಲ.