ಎಳೆ ರಕ್ತದ ನಂಬಿಕೆ, ಮುದಿ ಇಲಿಯ ಲೆಕ್ಕ

ವಯಸ್ಸಾಗುತ್ತ ರಕ್ತದ ಪ್ರೋಟೀನುಗಳೆಲ್ಲ ಇಳಿಯುತ್ತವೆ ಎಂದೇ ನಾವು ಬಹಳ ಕಾಲ ತಿಳಿದಿದ್ದೆವು.

ವಾಸ್ತವ: ಕೆಲವು ಇಳಿಯುತ್ತವೆ, ಕೆಲವು ಏರುತ್ತವೆ. ಪ್ರಯೋಗಾಲಯದ ಮುದಿ ಇಲಿಗಳಲ್ಲಿ ಸಾಮಾನ್ಯವಾಗಿ ಆಲ್ಬುಮಿನ್ ತಗ್ಗಿ ಗ್ಲಾಬ್ಯುಲಿನ್ ಹೆಚ್ಚಿರುತ್ತದೆ. ಒಟ್ಟು ಅಂಕಿಯನ್ನಷ್ಟೇ ನೋಡಿದರೆ ಏನೂ ಆಗಿಲ್ಲವೆನಿಸೀತು. ನಮ್ಮ ರಕ್ತಪರೀಕ್ಷೆಯ ರಿಪೋರ್ಟಿನಲ್ಲೂ ಟೋಟಲ್ ಪ್ರೋಟೀನ್ ಜೊತೆಗೆ ಎ/ಜಿ ರೇಶಿಯೋ, ಅಂದರೆ ಆಲ್ಬುಮಿನ್-ಗ್ಲಾಬ್ಯುಲಿನ್ ಅನುಪಾತ, ಬೇರೆ ಸಾಲಿನಲ್ಲಿರುತ್ತದೆ.

ಆಲ್ಬುಮಿನ್ ಇಳಿದಿದ್ದರೆ ಹೆಚ್ಚು ತಿನ್ನಿಸಿದರಾಯಿತು ಎನ್ನುವವರಿದ್ದಾರೆ.

ವಾಸ್ತವ: ಮುದಿ ಗಂಡು ಇಲಿಗಳಿಗೆ ಮೂತ್ರಪಿಂಡದ ಕಾಯಿಲೆ ತೀರಾ ಸಾಮಾನ್ಯ, ಆಲ್ಬುಮಿನ್ ಮೂತ್ರದಲ್ಲಿ ಸೋರಿಹೋಗುತ್ತದೆ. ಮಿತವಾಗಿ ತಿನ್ನಿಸಿ ಸಾಕಿದ ಇಲಿಗಳಲ್ಲೇ ಈ ಕಾಯಿಲೆ ಕಡಿಮೆ.

ಯೌವನದ ಪ್ರೋಟೀನೊಂದು ಸಿಕ್ಕಿಬಿಟ್ಟಿದೆ, ಅದು ಇಳಿದದ್ದೇ ಮುಪ್ಪಿಗೆ ಕಾರಣ ಎಂಬ ಸುದ್ದಿಯನ್ನೂ ನಾವು ನಂಬಿದೆವು.

ವಾಸ್ತವ: ಆ ಪ್ರೋಟೀನಿನ ಹೆಸರು ಜಿಡಿಎಫ್-11. ವಯಸ್ಸಾದ ಇಲಿಗಳಲ್ಲಿ ಅದು ಇಳಿಯುತ್ತದೆ, ಮತ್ತೆ ಕೊಟ್ಟರೆ ದಪ್ಪಗಟ್ಟಿದ ಹೃದಯ ಸರಿಹೋಗುತ್ತದೆ ಎಂದು 2013ರಲ್ಲಿ ಹಾರ್ವರ್ಡ್‌ನ ಏಮಿ ವೇಜರ್ಸ್, ರಿಚರ್ಡ್ ಲೀ ಅವರ ತಂಡ ಹೇಳಿತು. ಆದರೆ ರಕ್ತದಲ್ಲಿ ಇಂಥ ಪ್ರೋಟೀನನ್ನು ಅಳೆಯಲು ಸಾಮಾನ್ಯವಾಗಿ ಅದಕ್ಕೆ ಅಂಟಿಕೊಳ್ಳುವ ಪ್ರತಿಕಾಯವನ್ನು ಬಳಸುತ್ತಾರೆ. ಜಿಡಿಎಫ್-11ಕ್ಕೂ ಸ್ನಾಯು ಬೆಳವಣಿಗೆಯನ್ನು ತಡೆಯುವ ಮಯೋಸ್ಟಾಟಿನ್‌ಗೂ ಸುಮಾರು 90% ಹೋಲಿಕೆ. ಪ್ರತಿಕಾಯ ಎರಡಕ್ಕೂ ಅಂಟಿತ್ತು. 2015ರಲ್ಲಿ ಔಷಧ ಕಂಪನಿ ನೊವಾರ್ಟಿಸ್‌ನ ಸಂಶೋಧಕರು ಇದನ್ನು ತೋರಿಸಿ, ಪ್ರೋಟೀನು ಇಳಿಯುವುದಿಲ್ಲ, ಏರುವಂತಿದೆ ಎಂದರು. ಹಾರ್ವರ್ಡ್ ತಂಡವೂ ಸುಮ್ಮನಿರಲಿಲ್ಲ: ನೀವು ಏರಿಕೆ ಎಂದು ಲೆಕ್ಕ ಹಿಡಿದದ್ದು ಇಮ್ಯುನೊಗ್ಲಾಬ್ಯುಲಿನ್, ಅಂದರೆ ಇಲಿಯ ರಕ್ತದಲ್ಲೇ ಇರುವ ಪ್ರತಿಕಾಯದ ತುಣುಕು ಎಂದಿತು. ವಯಸ್ಸಿನೊಂದಿಗೆ ಏರುವುದು ಇಮ್ಯುನೊಗ್ಲಾಬ್ಯುಲಿನ್‌ನ ಸ್ವಭಾವವೇ. ಏರಿತು, ಇಳಿಯಿತು ಎಂದು ಓದಿದಾಗ ಅಳೆದದ್ದು ಯಾವುದನ್ನು ಎಂದು ಮೊದಲು ಕೇಳಬೇಕು. ಸುದ್ದಿ ಬರೆದವರು ಅದನ್ನು ಕೇಳಲೇ ಇಲ್ಲ ಎಂಬುದು ನಮ್ಮ ಬೇಸರ.

ಎಳೆಯರ ರಕ್ತ ಏರಿಸಿಕೊಂಡರೆ ಮುಪ್ಪು ಹಿಂದಕ್ಕೆ ಹೋಗುತ್ತದೆ ಎಂಬ ಮಾತೂ ಇದೆ.

ವಾಸ್ತವ: ಇದು ಬರೀ ಗಾಳಿಮಾತಲ್ಲ. 2005ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ರಕ್ತ ಎರಡರಲ್ಲೂ ಹರಿಯುವಂತೆ ಎಳೆ ಇಲಿ, ಮುದಿ ಇಲಿಗಳ ಮೈ ಜೋಡಿಸಿ ಹೊಲಿದಾಗ ಮುದಿ ಇಲಿಯ ಸ್ನಾಯುವಿನ ಗಾಯ ಚೆನ್ನಾಗಿ ಮಾಯಿತು. ಆದರೆ ಹಾಗೆ ಹೊಲಿದಾಗ ಮುದಿ ಇಲಿಗೆ ಎಳೆಯದರ ಮೂತ್ರಪಿಂಡ, ಯಕೃತ್ತಿನ ನೆರವೂ ಸಿಗುತ್ತದೆ. ಬರ್ಕ್ಲಿಯ ಐರಿನಾ ಮತ್ತು ಮೈಕಲ್ ಕಾನ್‌ಬಾಯ್ 2020ರಲ್ಲಿ ಮುದಿ ಇಲಿಗಳ ಅರ್ಧದಷ್ಟು ಪ್ಲಾಸ್ಮಾ ತೆಗೆದು ಉಪ್ಪುನೀರು, ಆಲ್ಬುಮಿನ್ ತುಂಬಿದರು. ಎಳೆ ರಕ್ತದ ಹನಿಯೂ ಇಲ್ಲದೆ ಸ್ನಾಯುವಿನ ದುರಸ್ತಿ ಸುಧಾರಿಸಿತು. ಸೇರಿಸಿದ್ದಕ್ಕಿಂತ ತೆಗೆದದ್ದೇ ಕೆಲಸ ಮಾಡಿರಬಹುದು. ಮನುಷ್ಯರಿಗೆ ಎಳೆಯರ ಪ್ಲಾಸ್ಮಾ ಮಾರುವ ಕ್ಲಿನಿಕ್ಕುಗಳು ಅಮೆರಿಕದಲ್ಲಿ ತಲೆಯೆತ್ತಿದಾಗ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರ ಫೆಬ್ರುವರಿಯಲ್ಲಿ ಎಚ್ಚರಿಸಿತು: ಪ್ರಯೋಜನ ಸಾಬೀತಾಗಿಲ್ಲ, ಅಪಾಯವಿದೆ.