ಪುಟ್ಟ ಟ್ರ್ಯಾಕ್ಟರಿನ ಹಿಂದೆ ಏನು ಕಟ್ಟಬೇಕು?

ಮಧುಗಿರಿ, ಶಿರಾ, ಪಾವಗಡದ ಕಡಲೆಕಾಯಿ ಹೊಲಗಳಿಗೂ ಕೊರಟಗೆರೆ ಕಡೆಯ ಅಡಿಕೆ ತೋಟಗಳಿಗೂ 18ರಿಂದ 25 ಎಚ್‌.ಪಿ.ಯ ಪುಟ್ಟ ಟ್ರ್ಯಾಕ್ಟರುಗಳು ಬಂದಿವೆ. ಟ್ರ್ಯಾಕ್ಟರ್ ಕೊಳ್ಳುವಾಗ ಹತ್ತು ಜನರನ್ನು ವಿಚಾರಿಸುವ ರೈತರು, ಅದರ ಹಿಂದೆ ಕಟ್ಟುವ ಸಲಕರಣೆಯ ವಿಷಯದಲ್ಲಿ ಮಾತ್ರ ಡೀಲರ್ ತೋರಿಸಿದ್ದನ್ನೇ ಮನೆಗೆ ತರುತ್ತಾರೆ. ಆದರೆ ಮಣ್ಣಿಗೆ ತಾಗುವುದು ಆ ಸಲಕರಣೆ. ಹೊಲ ಉಳಿಯುವುದೂ ಕೆಡುವುದೂ ಅದರಿಂದಲೇ.

ಮೊದಲು ಒಂದು ಲೆಕ್ಕ ನೋಡೋಣ. ಈ ಟ್ರ್ಯಾಕ್ಟರುಗಳಲ್ಲಿ ಹಲವು 600ರಿಂದ 800 ಕೆ.ಜಿ. ತೂಗುತ್ತವೆ. ಸಡಿಲ ಮಣ್ಣಿನಲ್ಲಿ ಟೈರು ಜಾರದಂತೆ ಎಳೆಯಲು ಆಗುವುದು ಹೆಚ್ಚುಕಡಿಮೆ ತೂಕದ ಐದರಲ್ಲಿ ಎರಡು ಪಾಲು. ಅಂದರೆ 700 ಕೆ.ಜಿ.ಯ ಟ್ರ್ಯಾಕ್ಟರಿಗೆ ಸುಮಾರು 280 ಕೆ.ಜಿ. ಎಳೆತ. ಗಂಟೆಗೆ 4 ಕಿ.ಮೀ. ವೇಗದಲ್ಲಿ ಇಷ್ಟನ್ನು ಎಳೆಯಲು ಖರ್ಚಾಗುವುದು 4 ಎಚ್‌.ಪಿ. ಮಾತ್ರ. ಎಂಜಿನ್ನಿನಲ್ಲಿ 18 ಎಚ್‌.ಪಿ. ಇದ್ದರೂ ಮಿಕ್ಕಿದ್ದು ಟೈರಿನ ಮೂಲಕ ನೆಲಕ್ಕೆ ಇಳಿಯುವುದಿಲ್ಲ. ಬಲವಂತ ಮಾಡಿದರೆ ಚಕ್ರ ನಿಂತಲ್ಲೇ ಸುತ್ತುತ್ತದೆ, ಡೀಸೆಲ್ ಸುಡುತ್ತದೆ. ಒಂಬತ್ತು ಗುಳದ ಕಲ್ಟಿವೇಟರ್ ಇದಕ್ಕೆ ಭಾರ. ಐದು ಗುಳದ್ದು ಸರಿ.

ಪಿಟಿಓ ಶಾಫ್ಟಿನ ದಾರಿ ಬೇರೆ. ಅದು ನಿಮಿಷಕ್ಕೆ 540 ಸುತ್ತು ತಿರುಗುತ್ತಾ ಎಂಜಿನ್ನಿನ ಶಕ್ತಿಯನ್ನು ಟೈರಿನ ಗೊಡವೆಯಿಲ್ಲದೆ ನೇರ ಸಲಕರಣೆಗೆ ಕೊಡುತ್ತದೆ. ಹಾಗಾಗಿ ಪುಟ್ಟ ಟ್ರ್ಯಾಕ್ಟರಿನ ನಿಜವಾದ ಬಲ ಎಳೆಯುವುದಕ್ಕಿಂತ ತಿರುಗಿಸುವುದರಲ್ಲಿದೆ. ರೋಟವೇಟರ್ ಇಷ್ಟು ಜನಪ್ರಿಯವಾಗಲು ಇದೂ ಒಂದು ಕಾರಣ.

ತೊಡಕು ಇರುವುದೂ ಇಲ್ಲೇ. ನಮ್ಮ ಕೆಂಪು ಮಣ್ಣಿಗೆ ರೋಟವೇಟರ್ ಅತಿಯಾದರೆ ಆಗದು. ಹಿಟ್ಟಿನಂತಾದ ಮಣ್ಣಿನ ಮೇಲೆ ಒಂದು ಬಿರುಸಿನ ಮಳೆ ಬಿದ್ದು, ಎರಡು ದಿನ ಬಿಸಿಲು ಕಾದರೆ ಸಾಕು, ಮೇಲೆ ಗಟ್ಟಿ ಹೊಪ್ಪಳಿಕೆ ಕಟ್ಟುತ್ತದೆ. ಕಡಲೆಕಾಯಿ ಮೊಳಕೆ ಅದನ್ನು ಸೀಳಲಾರದೆ ಒಳಗೇ ಮುರುಟುತ್ತದೆ. ಮುಂದಿನ ಮಳೆಯೂ ಇಂಗದೆ ಹರಿದುಹೋಗುತ್ತದೆ. ಜತೆಗೆ ವರ್ಷವರ್ಷವೂ ಅದೇ ನಾಲ್ಕೈದು ಅಂಗುಲಕ್ಕೆ ಅಲಗು ತಿರುಗಿದರೆ ಅದರ ಕೆಳಗೆ ಬೇರು ಇಳಿಯದ ಗಟ್ಟಿ ಪದರ ಬೆಳೆಯುತ್ತದೆ. ಮಳೆ ಕೈಕೊಡುವುದೇ ವಾಡಿಕೆಯಾದ ಪಾವಗಡದಂಥ ಕಡೆ ನೀರು ಇಂಗದ ಹೊಲ ದೊಡ್ಡ ನಷ್ಟ. ಮಾಗಿ ಉಳುಮೆಗೆ ಕಲ್ಟಿವೇಟರ್ ಹೊಡೆದು ಹೆಂಟೆ ಹಾಗೇ ಬಿಡಿ, ಬಿತ್ತನೆಗೆ ಮುಂಚೆ ಹದ ನೋಡಿ ಕುಂಟೆ ಹೊಡೆಯಿರಿ. ರೋಟವೇಟರ್ ಬೇಕೇಬೇಕೆನಿಸಿದರೆ ಒಂದೇ ಸಲ, ಮೇಲ್ಮೇಲೆ.

ಕೆಳಗಿನ ಗಟ್ಟಿ ಪದರ ಒಡೆಯಲು ಚಿಸೆಲ್ ನೇಗಿಲು ಬೇಕು. ಅದನ್ನು ಎಳೆಯಲು ದೊಡ್ಡ ಟ್ರ್ಯಾಕ್ಟರೇ ಆಗಬೇಕು. ಕೆಲವು ವರ್ಷಕ್ಕೊಮ್ಮೆ ಮಾಡುವ ಕೆಲಸಕ್ಕೆ ಬಾಡಿಗೆಯೇ ಲಾಭ.

ಬಿತ್ತನೆಗೆ ಟ್ರ್ಯಾಕ್ಟರ್ ಕೂರಿಗೆ ಒಳ್ಳೆಯ ಹೂಡಿಕೆ, ಹಗುರ ಎಳೆತದ್ದು. ಕಡಲೆಕಾಯಿಗೆ ಸಾಲಿನಿಂದ ಸಾಲಿಗೆ 30 ಸೆಂ.ಮೀ., ಆಳ 5 ಸೆಂ.ಮೀ. ಒಳಗೆ. ಆಮೇಲೆ ಎಡೆಕುಂಟೆಗೆ ಇದೇ ಟ್ರ್ಯಾಕ್ಟರ್ ಇಳಿಸುವ ಯೋಚನೆ ಇದ್ದರೆ ಚಕ್ರ ಓಡುವ ಕಡೆ ಸಾಲಿನ ಅಂತರವನ್ನು ಬಿತ್ತುವಾಗಲೇ ಅಗಲ ಮಾಡಿಕೊಳ್ಳಬೇಕು. ಅಕ್ಕಡಿ ಸಾಲಿಗೆ ತೊಗರಿ ಹಾಕುವವರು ಆ ಸಾಲಿನ ಕಾಳು ಬೀಳುವ ಕೊಳವೆಯನ್ನು ಮುಚ್ಚಿ ತೊಗರಿಯನ್ನು ಬೇರೆಯಾಗಿ ಬಿಡಬಹುದು. ನಮ್ಮ ಹಿರಿಯರ ಈ ಪದ್ಧತಿ ಯಂತ್ರ ಬಂತೆಂದು ಹೋಗಬಾರದು.

ಅಡಿಕೆ ತೋಟದ ಕಥೆಯೇ ಬೇರೆ. ಅಡಿಕೆಯ ಆಹಾರ ಹೀರುವ ಬೇರುಗಳು ಮೇಲ್ಮಣ್ಣಿನಲ್ಲೇ ಹಬ್ಬಿರುತ್ತವೆ. ರೋಟವೇಟರ್ ಅವನ್ನು ಕತ್ತರಿಸುತ್ತದೆ. ಒಂಬತ್ತು ಅಡಿ ಅಂತರದ ಸಾಲುಗಳ ನಡುವೆ ಪಿಟಿಓದಿಂದ ಓಡುವ ಸ್ಲ್ಯಾಷರ್ ಹಾಕಿ ಕಳೆ ಸವರಿ, ಅದನ್ನು ಅಲ್ಲೇ ಮುಚ್ಚಿಗೆಯಾಗಿ ಬಿಡುವುದು ಮೇಲು. ದಾಳಿಂಬೆ ಬೆಳೆಗಾರರಿಗೆ ಸ್ಪ್ರೇಯರ್ ಮೊದಲ ಆಯ್ಕೆ.

ಸಲಕರಣೆ ಹೊಂದುತ್ತದೋ ಇಲ್ಲವೋ ತಿಳಿಯಲು ಸುಣ್ಣದ ಕಡ್ಡಿ ಸಾಕು. ಹಿಂದಿನ ಟೈರಿಗೆ ಒಂದು ಗುರುತು ಹಾಕಿ. ಸಲಕರಣೆ ಎತ್ತಿಕೊಂಡು ಹತ್ತು ಸುತ್ತು ಓಡಿಸಿ ದೂರ ಅಳೆಯಿರಿ. ನೆಲಕ್ಕೆ ಇಳಿಸಿ ಮತ್ತೆ ಹತ್ತು ಸುತ್ತು ಓಡಿಸಿ. ಮೊದಲು 30 ಮೀಟರ್, ಆಮೇಲೆ 26 ಬಂದರೆ ಜಾರಿದ್ದು ನೂರಕ್ಕೆ 13. ಅದು ಸರಿ. 22ಕ್ಕೆ ಇಳಿದರೆ ಸಲಕರಣೆ ಭಾರ. ಆಳ ಕಡಿಮೆ ಮಾಡಿ, ಇಲ್ಲವೇ ಟೈರಿಗೆ ನೀರು ತುಂಬಿಸಿ ತೂಕ ಹೆಚ್ಚಿಸಿ.

ಎರಡು ಎಚ್ಚರಿಕೆಗಳನ್ನು ಹೇಳದೆ ಬಿಡಲಾಗದು. 540 ಸುತ್ತೆಂದರೆ ಸೆಕೆಂಡಿಗೆ ಒಂಬತ್ತು. ಟವೆಲ್ಲೋ ಸೆರಗೋ ಸಿಕ್ಕಿಕೊಂಡರೆ ಬಿಡಿಸಿಕೊಳ್ಳಲು ಸಮಯವೇ ಇರದು. ಶಾಫ್ಟಿನ ಕವಚ ತೆಗೆಯಲೇಬೇಡಿ. ಹಾಗೆಯೇ ಹೂತ ವಸ್ತು ಎಳೆಯಲು ಸರಪಳಿಯನ್ನು ಟಾಪ್ ಲಿಂಕಿಗೆ ಎಂದೂ ಕಟ್ಟಬೇಡಿ. ಮುಂದಿನ ಚಕ್ರ ಮೇಲೆದ್ದು ಗಾಡಿ ಹಿಂದಕ್ಕೆ ಮಗುಚುತ್ತದೆ.

ರಾಜ್ಯದಲ್ಲಿ 2014-15ರಿಂದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳಿವೆ. ಕೊರಟಗೆರೆ ತಾಲ್ಲೂಕಿನ ಡಿ. ನಾಗೇನಹಳ್ಳಿಯಲ್ಲಿ ಹಿರೇಹಳ್ಳಿ ಕೃಷಿ ವಿಜ್ಞಾನ ಕೇಂದ್ರ ನಡೆಸಿದ, ಹವಾಮಾನದ ಏರುಪೇರು ತಾಳುವ ಬೇಸಾಯಕ್ಕಾಗಿನ ‘ನಿಕ್ರಾ’ ಯೋಜನೆಯಲ್ಲೂ ಊರಿನ ಯಂತ್ರ ಬಾಡಿಗೆ ಕೇಂದ್ರ ಒಂದು ಭಾಗವಾಗಿತ್ತು. ಯಾವ ಸಲಕರಣೆಯನ್ನೇ ಆಗಲಿ, ಸಾಲ ಮಾಡಿ ಕೊಳ್ಳುವ ಮುಂಚೆ ಒಂದು ಹಂಗಾಮು ಬಾಡಿಗೆಗೆ ತಂದು ನಿಮ್ಮ ಹೊಲದಲ್ಲೇ ಓಡಿಸಿ ನೋಡಿ.