ಗೂಡು ಹಳೆಯದೇ, ಮಿಶ್ರಣ ಹೊಸದು

1953ರಲ್ಲಿ ಜಪಾನಿನ ಇನಾ ಟೈಲ್ ಕಂಪನಿಗೆ ದೊಡ್ಡ ತಲೆನೋವೊಂದು ಎದುರಾಗಿತ್ತು. ಸುರಂಗದಂಥ ಗೂಡಿನಲ್ಲಿ ಸುಟ್ಟ ಟೈಲ್ಸ್ ಒಂದೇ ಅಳತೆಗೆ ಬರುತ್ತಿರಲಿಲ್ಲ. ಗಾಡಿಯ ಮೇಲೆ ಒಟ್ಟಿದ ರಾಶಿಯ ಹೊರಗಿನವಕ್ಕೆ ತಗಲುವ ಕಾವೇ ಬೇರೆ, ಒಳಗಿನವಕ್ಕೆ ತಗಲುವ ಕಾವೇ ಬೇರೆ. ಕಾರಣವೇನೋ ಸ್ಪಷ್ಟವಾಗಿತ್ತು. ಆದರೆ ಕಾವು ಸಮನಾಗಿ ಹರಡುವಂತೆ ಗೂಡನ್ನು ಹೊಸದಾಗಿ ಕಟ್ಟಿಸಲು ವಿಪರೀತ ಹಣ ಬೇಕಿತ್ತು. ಕಟ್ಟಿಸದಿದ್ದರೆ ನೂರಕ್ಕೆ ಸುಮಾರು ಮೂವತ್ತು ಟೈಲ್ಸ್ ದಂಡ.

ಎಂಜಿನಿಯರುಗಳು ಆಗ ಬೇರೆ ದಿಕ್ಕಿನಲ್ಲಿ ಯೋಚಿಸಿದರು. ಕಾವಿನ ಏರುಪೇರು ಇದ್ದರೆ ಇರಲಿ, ಅದನ್ನು ತಾಳಿಕೊಳ್ಳುವ ಮಿಶ್ರಣ ಮಾಡಲು ಬರುವುದಿಲ್ಲವೇ? ಸುಣ್ಣದಕಲ್ಲಿನ ಪ್ರಮಾಣ, ಪುಡಿಯ ನುಣುಪು, ಫೆಲ್ಡ್‌ಸ್ಪಾರ್ ಎಷ್ಟು, ಒಡೆದ ಚೂರುಗಳನ್ನು ಎಷ್ಟು ಮರಳಿ ಬೆರೆಸಬೇಕು, ಹೀಗೆ ಏಳು ಅಂಶಗಳನ್ನು ಆರಿಸಿಕೊಂಡರು. ಒಂದೊಂದಕ್ಕೂ ಎರಡೆರಡು ಆಯ್ಕೆ. ಎಲ್ಲವನ್ನೂ ಕೂಡಿಸಿ ನೋಡುವುದಾದರೆ 128 ಪ್ರಯೋಗ ಬೇಕು. ಅವರು ಮಾಡಿದ್ದು ಎಂಟೇ!

ಈ ಎಂಟನ್ನು ಜೋಡಿಸಿದ ಬಗೆಯಲ್ಲೇ ಜಾಣ್ಮೆಯಿದೆ. ನಾಲ್ಕು ಪ್ರಯೋಗಗಳಲ್ಲಿ ಸುಣ್ಣದಕಲ್ಲು ಕಡಿಮೆ, ಉಳಿದ ನಾಲ್ಕರಲ್ಲಿ ಹೆಚ್ಚು. ಮಿಕ್ಕ ಆರು ಅಂಶಗಳ ಎರಡೂ ಆಯ್ಕೆಗಳು ಈ ಎರಡು ಗುಂಪಿನಲ್ಲಿ ಸಮಸಮನಾಗಿ ಹಂಚಿಹೋಗಿರುತ್ತವೆ. ಹಾಗಾಗಿ ಎರಡು ಗುಂಪುಗಳ ಸರಾಸರಿ ಹೋಲಿಸಿದರೆ ಸುಣ್ಣದಕಲ್ಲಿನ ಪ್ರಭಾವವಷ್ಟೇ ಎದ್ದು ಕಾಣುತ್ತದೆ. ಉಳಿದ ಅಂಶಗಳಿಗೂ ಇದೇ ಎಂಟು ಪ್ರಯೋಗ ಸಾಕು. ನಮ್ಮ ಕಾರ್ಖಾನೆಗಳಲ್ಲಿ ರೂಢಿಯಿರುವಂತೆ ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತ ಹೋದರೂ ಎಂಟು ಪ್ರಯೋಗ ಬೇಕು. ಆದರೆ ಅಲ್ಲಿ ತೀರ್ಮಾನ ನಿಲ್ಲುವುದು ಒಂದರ ಎದುರು ಒಂದು ಫಲಿತಾಂಶದ ಮೇಲೆ. ಇಲ್ಲಿ ನಾಲ್ಕರ ಎದುರು ನಾಲ್ಕು. ಎರಡು ಅಂಶಗಳು ಒಂದರ ಕೆಲಸದಲ್ಲೊಂದು ಕೈಹಾಕುವಂತಿದ್ದರೆ ಮಾತ್ರ ಇಷ್ಟು ಚಿಕ್ಕ ಕೋಷ್ಟಕ ದಾರಿ ತಪ್ಪಿಸಬಹುದು. ಆದ್ದರಿಂದ ಆಯ್ದ ಮಿಶ್ರಣವನ್ನು ಕೊನೆಗೊಮ್ಮೆ ಸುಟ್ಟು ನೋಡಲೇಬೇಕು.

ಇನಾದಲ್ಲಿ ಸುಣ್ಣದಕಲ್ಲನ್ನು ಶೇ. 1ರಿಂದ 5ಕ್ಕೆ ಏರಿಸಿದಾಗ ಹಾಳಾಗುವ ಟೈಲ್ಸ್ ಶೇ. 1ಕ್ಕಿಂತ ಕೆಳಗಿಳಿದವು. ಗೂಡು ಹಾಗೇ ಇತ್ತು.

ಆರ್ಥೋಗೊನಲ್ ಅರೇ ಎಂಬ ಈ ಕೋಷ್ಟಕಗಳ ಗಣಿತವನ್ನು 1940ರ ದಶಕದಲ್ಲಿ ರೂಪಿಸಿದವರು ಸಿ.ಆರ್. ರಾವ್. ಅವರು 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ. ಈ ವಿಧಾನವನ್ನು ಕಾರ್ಖಾನೆಗಳಿಗೆ ಮುಟ್ಟಿಸಿದ ಜಪಾನಿನ ಗೆನಿಚಿ ಟಗುಚಿ 1954-55ರಲ್ಲಿ ಕಲ್ಕತ್ತೆಯ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿ ಅತಿಥಿಯಾಗಿದ್ದರು.

ತಯಾರಾದ ಮೇಲೆ ತಪಾಸಣೆ ಮಾಡಿ ಕೆಟ್ಟದ್ದನ್ನು ಪಕ್ಕಕ್ಕಿಟ್ಟರೆ ಗಿರಾಕಿ ಬಚಾವಾಗುತ್ತಾನೆ, ಮಾಲೀಕನಲ್ಲ. ಬೆಳಗಾವಿಯ ಫೌಂಡ್ರಿಯಲ್ಲಿ ರಿಜೆಕ್ಟ್ ಆದ ಎರಕವನ್ನು ಮತ್ತೆ ಕರಗಿಸಿದರೆ ಲೋಹ ವಾಪಸು ಬರುತ್ತದೆ. ಉರಿಸಿದ ಕರೆಂಟು, ಕೊಟ್ಟ ಕೂಲಿ, ಕಳೆದ ಪಾಳಿ ಬರುವುದಿಲ್ಲ. ಮರಳಿನ ತೇವ, ಅಂಟಿನ ಪ್ರಮಾಣ, ಲೋಹ ಸುರಿಯುವಾಗಿನ ಉಷ್ಣತೆ, ಇವುಗಳನ್ನು ಬದಲಿಸಿ ನೋಡಲು ಹೊಸ ಯಂತ್ರವೇನೂ ಬೇಕಿಲ್ಲ. ಸಣ್ಣ ಉದ್ದಿಮೆ ನಡೆಸುವವರು ಹೊಸ ಯಂತ್ರಕ್ಕೆ ಸಾಲದ ಅರ್ಜಿ ಹಾಕುವ ಮುನ್ನ ಇಂಥ ಎಂಟು ಸಾಲಿನ ಕೋಷ್ಟಕವೊಂದನ್ನು ಬರೆದು ಪ್ರಯೋಗ ಮಾಡಿ ನೋಡಲಿ.